ಆಡುವವರ ಅಂಗಳ, ನೋಡುವವರ ಅಂಗಳ

ಮಂಗಳೂರಿಗೆ ಬಂದ ಪ್ರವಾಸಿಗರು ಸಂತ ಅಲೋಶಿಯಸ್ ಕಾಲೇಜಿನ ಚಾಪೆಲನ್ನು ನೋಡದೆ ಹಿಂತಿರುಗುವುದು ಅಪರೂಪ. ಇಟಲಿಯಿಂದ ಬಂದ ಯೇಸುಸಭೆಯ ಸಹೋದರ ಅಂತೋನಿಯೊ ಮೊಸ್ಕೇನಿಯವರು 1899ರಿಂದ 1901ರವರೆಗಿನ ಅವಧಿಯಲ್ಲಿ ಅದರ ಗೋಡೆಗಳ ಮೇಲೂ ಒಳಮಾಳಿಗೆಯ ಮೇಲೂ ರಚಿಸಿದ ಚಿತ್ರಗಳನ್ನು ಅವರು ತಲೆಯೆತ್ತಿ ನೋಡುತ್ತಾರೆ, ಬೆರಗಾಗುತ್ತಾರೆ, ಹೊರಟುಹೋಗುತ್ತಾರೆ. ಅದೇ ಸಂಸ್ಥೆಯ ಮಕ್ಕಳು ಸಂಜೆ ಚೆಂಡಾಡುವ ಬಯಲಿನತ್ತ ಯಾರ ಕಣ್ಣೂ ಹೊರಳುವುದಿಲ್ಲ. ಕಟ್ಟಡವೆಂದರೆ ಗೋಡೆ, ಕಂಬ, ಛಾವಣಿ ಎಂದು ತಿಳಿದಿರುವ ನಮಗೆ ಸಮತಟ್ಟಾದ ನೆಲವೊಂದು ಕಟ್ಟಡವಾಗಿ ಕಾಣುವುದಿಲ್ಲ. ಆದರೆ ಗುಡ್ಡ ಕಣಿವೆಗಳ ಈ ಊರಿನಲ್ಲಿ ಸಮತಟ್ಟಾದ ನೆಲ ತಾನಾಗಿ ದೊರೆಯುವ ವಸ್ತುವಲ್ಲ. ಯಾರೋ ಯೋಚಿಸಿ, ಅಳೆದು, ಕಡಿದು, ತುಂಬಿ, ಮಳೆನೀರಿಗೆ ದಾರಿ ಮಾಡಿ ಅದನ್ನು ಕಟ್ಟಬೇಕಾಗುತ್ತದೆ. ಕಟ್ಟಿದ ಮೇಲೆ ಅದನ್ನು ಬರಿದಾಗಿಯೇ ಉಳಿಸಿಕೊಳ್ಳುವುದು ಇನ್ನೂ ಕಠಿಣವಾದ ಕೆಲಸ.

ಇಂದು ನಮ್ಮ ನಗರವು ಹಲವು ವಿಶ್ವವಿದ್ಯಾನಿಲಯಗಳ ನಗರವಾಗಿದೆ. ಕ್ರೀಡೆಗೆಂದು ದೊಡ್ಡ ದೊಡ್ಡ ಅಂಗಣಗಳನ್ನು ಕಟ್ಟುವ ಮಾತು ಎಲ್ಲೆಡೆಯೂ ಕೇಳಿಬರುತ್ತಿದೆ. ಇನ್ನೊಂದೆಡೆ ನೂರು ವರ್ಷಗಳಿಂದ ಮಕ್ಕಳು ಆಡಿದ ಎಷ್ಟೋ ಬಯಲುಗಳು ಸದ್ದಿಲ್ಲದೆ ಮಾಯವಾಗುತ್ತಿವೆ. ಈ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಹಳೆಯ ಪ್ರಶ್ನೆ ಏಳುತ್ತದೆ: ಕ್ರೀಡಾಂಗಣವನ್ನು ನಾವು ಯಾರಿಗಾಗಿ ಕಟ್ಟುತ್ತೇವೆ, ಆಡುವವರಿಗಾಗಿಯೋ, ನೋಡುವವರಿಗಾಗಿಯೋ? ಇದಕ್ಕೆ ಉತ್ತರ ಹುಡುಕಲು ಒಮ್ಮೆ ಪ್ರಾಚೀನ ಗ್ರೀಸ್ ಮತ್ತು ರೋಮ್‌ಗಳವರೆಗೆ ಹೋಗಿ ಬರುವುದು ಒಳಿತು. ಏಕೆಂದರೆ ಇಂದಿನ ನಮ್ಮ ಅಂಗಣಗಳೆಲ್ಲವೂ ಆ ಎರಡು ನಾಡುಗಳಲ್ಲಿ ಹುಟ್ಟಿದ ಎರಡು ಬಗೆಯ ಕಟ್ಟಡಗಳ ಸಂತತಿ.

ಎರಡು ಬಗೆಯ ಅಂಗಳಗಳು

ಗ್ರೀಕರ ಊರುಗಳಲ್ಲಿ ತರುಣರು ಮೈ ಪಳಗಿಸುವ ತಾಣಕ್ಕೆ ಜಿಮ್ನಾಸಿಯಂ ಎಂದೂ, ಅದರೊಳಗಿನ ಕುಸ್ತಿಯ ಅಂಗಳಕ್ಕೆ ಪಲೈಸ್ತ್ರಾ ಎಂದೂ ಹೆಸರು. ಪಲೈಸ್ತ್ರಾದ ರಚನೆ ಸರಳವಾದುದು. ನಡುವೆ ಬಿಸಿಲು ಬೀಳುವ ಚೌಕಾಕಾರದ ಅಂಗಳ, ಅದರ ಸುತ್ತ ಕಂಬಗಳ ಮೊಗಸಾಲೆ, ಅದರ ಹಿಂದೆ ಎಣ್ಣೆ ಹಚ್ಚಿಕೊಳ್ಳುವ, ಸ್ನಾನ ಮಾಡುವ ಕೋಣೆಗಳು. ನಮ್ಮ ಕರಾವಳಿಯ ಹಳೆಯ ತೊಟ್ಟಿಮನೆಯನ್ನು ಬಲ್ಲವರಿಗೆ ಇದರ ಚಿತ್ರ ಸುಲಭವಾಗಿ ಕಣ್ಣಮುಂದೆ ಬರುತ್ತದೆ. ಮೊಗಸಾಲೆಯ ಮೂರು ಬದಿಗಳಲ್ಲಿ ತತ್ವಜ್ಞಾನಿಗಳೂ ವಾಗ್ಮಿಗಳೂ ಕುಳಿತು ಚರ್ಚಿಸಲು ಆಸನಗಳುಳ್ಳ ವಿಶಾಲವಾದ ಕೋಣೆಗಳಿರಬೇಕೆಂದು ರೋಮಿನ ವಾಸ್ತುಶಿಲ್ಪಿ ವಿತ್ರುವಿಯಸ್ ತನ್ನ ಗ್ರಂಥದಲ್ಲಿ ಬರೆದಿದ್ದಾನೆ. ಪ್ಲೇಟೋನ ಅಕಾಡೆಮಿಯಾಗಲಿ, ಅರಿಸ್ಟಾಟಲನ ಲೈಸಿಯಮ್ ಆಗಲಿ ಆರಂಭವಾದುದು ಅಥೆನ್ಸ್ ನಗರದ ಹೊರಗಿನ ಇಂತಹ ಜಿಮ್ನಾಸಿಯಂಗಳಲ್ಲಿಯೇ. ಹಾಗಾಗಿ ವಿಶ್ವವಿದ್ಯಾನಿಲಯಕ್ಕೆ ಆಟದ ಅಂಗಳವು ಆಮೇಲೆ ಬಂದು ಸೇರಿಕೊಂಡ ಒಂದು ಸೌಕರ್ಯವಲ್ಲ. ಉನ್ನತ ವಿದ್ಯೆ ಕಣ್ತೆರೆದದ್ದೇ ಆಟದ ಅಂಗಳದ ಅಂಚಿನಲ್ಲಿ.

ಓಟದ ಸ್ಪರ್ಧೆಗೆ ಗ್ರೀಕರು ಬಳಸಿದ ಸ್ತಾದಿಯೋನ್ ಎಂಬ ಮಾತು ಮೊದಲಿಗೆ ಒಂದು ಅಳತೆಯ ಹೆಸರಾಗಿತ್ತು; ಆರುನೂರು ಅಡಿಗಳ ದೂರ. ಒಲಿಂಪಿಯಾದಲ್ಲಿ ಅದು ಸುಮಾರು 192 ಮೀಟರಿನ ನೇರವಾದ ಮಣ್ಣಿನ ಹಾದಿ. ನೋಡಲು ಬಂದ ಸಾವಿರಾರು ಜನರು ಸುತ್ತಲಿನ ಹುಲ್ಲಿನ ಇಳಿಜಾರಿನಲ್ಲಿ ನಿಲ್ಲುತ್ತಿದ್ದರು, ಕುಳಿತುಕೊಳ್ಳುತ್ತಿದ್ದರು. ತೀರ್ಪುಗಾರರಂತಹ ಕೆಲವರಿಗೆ ಮಾತ್ರ ಕಲ್ಲಿನ ಆಸನಗಳಿದ್ದವು. ಅಲ್ಲಿ ಅಳೆದು ನಿರ್ಮಿಸಿದ್ದು ಓಡುವವರ ಹಾದಿಯನ್ನು. ನೋಡುವವರಿಗೆ ಗುಡ್ಡವೇ ಸಾಕಾಗಿತ್ತು.

ರೋಮಿನಲ್ಲಿ ಇದು ತಲೆಕೆಳಗಾಯಿತು. ಕ್ರಿ.ಶ. 80ರಲ್ಲಿ ಚಕ್ರವರ್ತಿ ಟೈಟಸ್ ಉದ್ಘಾಟಿಸಿದ ಕೊಲೊಸಿಯಮ್ ಸುಮಾರು 188 ಮೀಟರ್ ಉದ್ದ, 156 ಮೀಟರ್ ಅಗಲದ ಅಂಡಾಕಾರದ ಮಹಾಕಟ್ಟಡ. ಅದರ ನಡುವಿನ ನೆಲ ಮಾತ್ರ ಸುಮಾರು 83 ಮೀಟರ್ ಉದ್ದ, 48 ಮೀಟರ್ ಅಗಲದ್ದು. ಉಳಿದುದೆಲ್ಲ ನೋಡುವವರಿಗಾಗಿ ಕಟ್ಟಿದ ಮೆಟ್ಟಿಲು, ಓಣಿ ಮತ್ತು ದ್ವಾರಗಳು. ಆಸನಗಳ ಸಾಲುಗಳೂ ಅಂತಸ್ತಿಗೆ ತಕ್ಕಂತೆ: ಕುಲೀನರು ಕೆಳಗೆ, ಬಡವರು ಮೇಲೆ. ನಡುವಿನ ನೆಲದಲ್ಲಿ ರಕ್ತವನ್ನು ಹೀರಲು ಮರಳು ಹಾಸಿರುತ್ತಿದ್ದರು. ಲತೀನಿನಲ್ಲಿ ಮರಳಿಗೆ 'ಅರೇನಾ' ಎನ್ನುತ್ತಾರೆ. ಇಂದು ನಾವು ಹೆಮ್ಮೆಯಿಂದ ಬಳಸುವ 'ಅರೀನಾ' ಎಂಬ ಪದದ ಹುಟ್ಟು ಇಲ್ಲಿದೆ.

ಆದಿ ಕ್ರೈಸ್ತರಿಗೆ ಈ ಎರಡು ಬಗೆಯ ಅಂಗಳಗಳ ವ್ಯತ್ಯಾಸ ಚೆನ್ನಾಗಿ ತಿಳಿದಿತ್ತು. ಸಂತ ಪೌಲರು ಒಂದೂವರೆ ವರ್ಷ ನೆಲೆಸಿದ್ದ ಕೊರಿಂಥದ ಸಮೀಪದಲ್ಲಿ ಎರಡು ವರ್ಷಗಳಿಗೊಮ್ಮೆ ಇಸ್ತ್‌ಮಿಯನ್ ಕ್ರೀಡೆಗಳು ನಡೆಯುತ್ತಿದ್ದವು. ಆ ಊರಿನವರಿಗೆ ಬರೆದ ಮೊದಲನೆಯ ಪತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಅವರು ಓಟಗಾರನನ್ನೂ ಮುಷ್ಟಿಕಾಳಗದವನನ್ನೂ ವಿಶ್ವಾಸಿಗಳ ಮುಂದೆ ಮಾದರಿಯಾಗಿ ನಿಲ್ಲಿಸುತ್ತಾರೆ. ಬಾಡಿಹೋಗುವ ಎಲೆಯ ಕಿರೀಟಕ್ಕಾಗಿ ಅವರು ಅಷ್ಟು ಸಂಯಮದಿಂದ ದೇಹವನ್ನು ಪಳಗಿಸುವುದಾದರೆ, ಬಾಡದ ಕಿರೀಟಕ್ಕಾಗಿ ನಾವೆಷ್ಟು ಶ್ರಮಿಸಬೇಕು ಎಂಬುದು ಅಲ್ಲಿನ ತಾತ್ಪರ್ಯ. ಪೌಲರ ಮಾತಿನ ನಡುವೆ ನಿಂತಿರುವವನು ಆಟಗಾರ. ಅವರ ನಂತರ ಸುಮಾರು ನೂರೈವತ್ತು ವರ್ಷಗಳಾದ ಮೇಲೆ ಕಾರ್ತೇಜಿನ ತೆರ್ತುಲಿಯನ್ನರು ಕ್ರೀಡಾಪ್ರದರ್ಶನಗಳನ್ನು ಖಂಡಿಸಿ ಒಂದು ಗ್ರಂಥವನ್ನೇ ಬರೆದರು. ಇತರರ ಯಾತನೆಯನ್ನು ಕುಳಿತು ಸವಿಯುವ ಪ್ರೇಕ್ಷಕನ ಮನಸ್ಸನ್ನು ಅವರು ಅದರಲ್ಲಿ ಕಟುವಾಗಿ ವಿಮರ್ಶಿಸುತ್ತಾರೆ.

ಕೆಂಪು ಕಲ್ಲಿನ ಊರು

ಇನ್ನು ನಮ್ಮೂರಿಗೆ ಬರೋಣ. ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ದಕ್ಷಿಣಕ್ಕೆ ನೇತ್ರಾವತಿ, ಉತ್ತರಕ್ಕೆ ಗುರುಪುರ ನದಿ. ನಡುವೆ ಒಂದರ ಪಕ್ಕದಲ್ಲೊಂದು ಕೆಂಪು ಗುಡ್ಡಗಳು. ಇಲ್ಲಿ ಸಮತಟ್ಟಾದ ನೆಲವೆಂದರೆ ಮೂರೇ ಬಗೆ. ಕಡಲ ತಡಿಯ ಮರಳು, ಗುಡ್ಡಗಳ ನಡುವಿನ ಬೈಲಿನ ಗದ್ದೆ, ಗುಡ್ಡದ ನೆತ್ತಿಯ ಪದವು. ಪದವಿನಂಗಡಿಯಂತಹ ಊರ ಹೆಸರುಗಳಲ್ಲಿ ಈ ಮೂರನೆಯ ಬಗೆಯ ನೆನಪು ಉಳಿದಿದೆ.

ಕರಾವಳಿಯ ಮೊದಲ ಕ್ರೀಡಾಂಗಣವು ಗದ್ದೆಯೇ ಆಗಿತ್ತು. ಕಂಬಳದ 'ಕರೆ'ಯನ್ನು ಕಟ್ಟುವುದು ಒಂದು ಕುಶಲಕಲೆ. ನೀರು ನಿಲ್ಲಬೇಕು, ಕೆಸರು ಹದವಾಗಿರಬೇಕು, ಕೋಣಗಳು ಓಡಿ ಮುಟ್ಟುವ ತುದಿಯಲ್ಲಿ ನೆಲ ಏರಬೇಕು. ಒಂಟಿ ಕರೆಯ ಕಂಬಳ ಕಾಲಕ್ರಮದಲ್ಲಿ ಜೋಡುಕರೆಯ ಕಂಬಳವಾಯಿತು. ಕಟಾವಿನ ಬಳಿಕ ಅಂಗಣವಾದ ನೆಲ ಮುಂದಿನ ಮಳೆಗಾಲದಲ್ಲಿ ಮತ್ತೆ ಅನ್ನ ಕೊಡುವ ಗದ್ದೆಯಾಗುತ್ತಿತ್ತು. ನಗರದೊಳಗಿನ ಕದ್ರಿ ಕಂಬಳ ಎಂಬ ಬಡಾವಣೆಯ ಹೆಸರು ಆ ಕಾಲದ ಸಾಕ್ಷಿಯಾಗಿ ಇಂದಿಗೂ ನಮ್ಮ ಬಾಯಲ್ಲಿದೆ.

ಬ್ರಿಟಿಷರ ಆಡಳಿತದಲ್ಲಿ ಇನ್ನೊಂದು ಬಗೆಯ ಅಂಗಳ ರೂಪುಗೊಂಡಿತು, ಅದೇ ಮೈದಾನ. ಪದವೂ ಪರ್ಷಿಯನ್ ಮೂಲದ್ದು. ಇಂದು ನೆಹರೂ ಮೈದಾನವೆನಿಸಿರುವ ಹಳೆಯ ಸೆಂಟ್ರಲ್ ಮೈದಾನವು ಊರಿನ ಫುಟ್ಬಾಲ್ ಮತ್ತು ಕ್ರಿಕೆಟ್ಟಿಗೆ ತಾಣವಾಯಿತು, ಸಾರ್ವಜನಿಕ ಸಭೆಗಳಿಗೂ ತಾಣವಾಯಿತು. ಮೈದಾನಕ್ಕೆ ದ್ವಾರವಿಲ್ಲ, ಆಸನದ ಶ್ರೇಣಿಯಿಲ್ಲ. ಶ್ರೀಮಂತನೂ ಬಡವನೂ ಒಂದೇ ಗೆರೆಯ ಹೊರಗೆ ನಿಂತು ಆಟ ನೋಡುತ್ತಾರೆ. ಗೆರೆ ದಾಟಿದರೆ ಯಾರೂ ಆಟಗಾರರಾಗಬಹುದು.

ಗುಡ್ಡದ ಮೇಲೆ ಬಯಲು ಮಾಡುವುದು ಹೇಗೆ ಎಂಬುದಕ್ಕೆ ಉತ್ತರ ನಮ್ಮ ಮುರಕಲ್ಲಿನಲ್ಲಿದೆ. 1800-01ರಲ್ಲಿ ದಕ್ಷಿಣ ಭಾರತದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಈ ಕಲ್ಲಿನ ಗುಣವನ್ನು ಕಂಡು ಬೆರಗಾದನು. ನೆಲದೊಳಗಿರುವಾಗ ಕೊಡಲಿಯಿಂದ ಕಡಿಯಬಹುದಾದಷ್ಟು ಮೆದು. ಗಾಳಿ ಬಿಸಿಲಿಗೆ ತೆರೆದಿಟ್ಟರೆ ಇಟ್ಟಿಗೆಗಿಂತ ಗಟ್ಟಿ. ಲತೀನಿನಲ್ಲಿ ಇಟ್ಟಿಗೆಗೆ 'ಲಾತೆರ್' ಎನ್ನುವುದರಿಂದ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಅವನು ಇದಕ್ಕೆ 'ಲ್ಯಾಟರೈಟ್' ಎಂಬ ಹೆಸರಿತ್ತನು. ಇಂದು ಜಗತ್ತಿನ ಭೂವಿಜ್ಞಾನಿಗಳೆಲ್ಲ ಬಳಸುವ ಹೆಸರು ಅದು. ಇಂತಹ ಗುಡ್ಡದ ಇಳಿಜಾರಿನಲ್ಲಿ ಬಯಲು ಮಾಡುವವರು ಮೇಲ್ಬದಿಯಲ್ಲಿ ಕಲ್ಲನ್ನು ಕಡಿದು, ಆ ಮಣ್ಣುಕಲ್ಲನ್ನೇ ಕೆಳಬದಿಗೆ ತುಂಬುತ್ತಾರೆ. ಕಡಿದ ಬದಿಯ ನೆಲ ಗಟ್ಟಿಯಾಗಿರುತ್ತದೆ. ತುಂಬಿದ ಬದಿಯ ನೆಲ ಕೆಲವು ಮಳೆಗಾಲ ಕಳೆಯುವವರೆಗೆ ಕುಸಿಯುತ್ತಲೇ ಇರುತ್ತದೆ. ಆದುದರಿಂದ ಕೆಳಗೆ ತಡೆಗೋಡೆ ಬೇಕು, ಆ ಗೋಡೆಯಲ್ಲಿ ನೀರು ಸೋರಿಹೋಗಲು ಕಿಂಡಿಗಳು ಬೇಕು, ಮೇಲೆ ಕಡಿದ ಗೋಡೆಯ ಬುಡದಲ್ಲಿ ತೋಡು ಬೇಕು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ತೋಡು ತಪ್ಪಿದ ಬಯಲು ಎರಡು ವರ್ಷವೂ ಬಾಳದು. ಕಡಿದ ಬದಿಯನ್ನು ಮೆಟ್ಟಿಲುಗಳಾಗಿ ಕಡಿದರೆ ಅದೇ ಜನರು ಕುಳಿತುಕೊಳ್ಳುವ ಗ್ಯಾಲರಿ. ಒಲಿಂಪಿಯಾದಂತೆಯೇ ಇಲ್ಲಿಯೂ ನೋಡುವವರಿಗೆ ಗುಡ್ಡವೇ ಆಸನ.

ಕಾಲೇಜುಗಳ ಕಾಲ

1878ರ ಡಿಸೆಂಬರ್ 31ರಂದು ಯೇಸುಸಭೆಯ ಯಾಜಕರು ಮಂಗಳೂರಿಗೆ ಬಂದಿಳಿದರು. ಹದಿಮೂರು ತಿಂಗಳೂ ಕಳೆಯುವ ಮೊದಲೇ, 1880ರ ಜನವರಿಯಲ್ಲಿ, ಕೊಡಿಯಾಲಬೈಲಿನ ಬಾಡಿಗೆಯ ಬಂಗಲೆಯೊಂದರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. ಲಾರೆನ್ಸ್ ಲೋಬೊ ಪ್ರಭು ಅವರು ಗುಡ್ಡದ ಮೇಲೆ ಜಾಗವನ್ನು ದಾನವಾಗಿ ಕೊಟ್ಟರು. 1885ರಲ್ಲಿ ಕಾಲೇಜು ಅಲ್ಲಿಗೆ ಏರಿತು. ಬೈಲಿನಿಂದ ಗುಡ್ಡಕ್ಕೆ ಏರಿದ ಈ ಸಂಸ್ಥೆ ಮುಂದೆ ಊರಿನ ಇತರ ವಿದ್ಯಾಸಂಸ್ಥೆಗಳಿಗೂ ದಾರಿ ತೋರಿಸಿತು. ಗಾಳಿ ಬೆಳಕು ಬೇಕಾದವರು ಗುಡ್ಡವನ್ನು ಆರಿಸಿದರು. ಗುಡ್ಡವನ್ನು ಆರಿಸಿದವರಿಗೆ ಬಯಲನ್ನು ಕಡಿದು ಮಾಡುವ ಕೆಲಸವೂ ಜೊತೆಗೇ ಬಂತು.

ಯೇಸುಸಭೆಯ ಶಾಲೆಗಳಿಗೆ ಬಿಡುವು ಮತ್ತು ಆಟ ಹೊಸತಾಗಿರಲಿಲ್ಲ. 1599ರಲ್ಲಿ ಅಂತಿಮರೂಪ ಪಡೆದ ಅವರ ಶಿಕ್ಷಣಸಂಹಿತೆಯು ವಾರದ ನಡುವೆಯೂ ಪಾಠದಿಂದ ಬಿಡುವು ಇರಬೇಕೆಂದು ವಿಧಿಸಿತ್ತು. ಇತರ ಸಭೆಗಳಲ್ಲಿಯೂ ಇದೇ ಅರಿವು ಬೆಳೆಯುತ್ತಿತ್ತು. 1846ರಲ್ಲಿ ಟ್ಯೂರಿನ್ ನಗರದ ವಲ್ದೊಕ್ಕೊದಲ್ಲಿ ಡಾನ್ ಬಾಸ್ಕೊ ಅವರು ಬೀದಿಯ ಹುಡುಗರಿಗಾಗಿ ಒಂದು ಷೆಡ್ಡನ್ನು ಬಾಡಿಗೆಗೆ ಹಿಡಿದಾಗ, ಪ್ರಾರ್ಥನೆಗೆ ಆ ಷೆಡ್ಡು ಎಷ್ಟು ಮುಖ್ಯವಾಗಿತ್ತೋ ಆಟಕ್ಕೆ ಅದರ ಸುತ್ತಲಿನ ನೆಲವೂ ಅಷ್ಟೇ ಮುಖ್ಯವಾಗಿತ್ತು. ಒಂದೇ ಆವರಣದಲ್ಲಿ ಚಾಪೆಲ್ ಮತ್ತು ಅಂಗಳ ಎಂಬ ವಿನ್ಯಾಸ ಹತ್ತೊಂಬತ್ತನೆಯ ಶತಮಾನದ ಕಥೋಲಿಕ ಶಾಲೆಗಳ ಸಾಮಾನ್ಯ ರೂಪವಾಯಿತು. ಮಂಗಳೂರಿನ ಕಾಲೇಜು ಯಾರ ಹೆಸರನ್ನು ಹೊತ್ತಿದೆಯೋ ಆ ಸಂತ ಅಲೋಶಿಯಸ್ ಗೊಂಜಾಗರು ಪ್ಲೇಗು ಪೀಡಿತರ ಸೇವೆ ಮಾಡುತ್ತಲೇ ಸೋಂಕು ತಗಲಿ 1591ರಲ್ಲಿ, ಇಪ್ಪತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಂಡವರು. ಯುವಜನರ ಪಾಲಕರೆಂದು ಧರ್ಮಸಭೆ ಅವರನ್ನು ಗೌರವಿಸುತ್ತದೆ.

ಹೆಣ್ಣುಮಕ್ಕಳ ಕಥೆಯನ್ನು ಇಲ್ಲಿ ಮರೆಯಲಾಗದು. 1870ರಲ್ಲಿ ಮಂಗಳೂರಿಗೆ ಬಂದ ಅಪೊಸ್ತಲಿಕ್ ಕಾರ್ಮೆಲ್ ಭಗಿನಿಯರು 1921ರಲ್ಲಿ ಸಂತ ಆಗ್ನೆಸ್ ಕಾಲೇಜನ್ನು ತೆರೆದರು. ಹೆಣ್ಣುಮಗಳೊಬ್ಬಳು ಸಾರ್ವಜನಿಕ ಮೈದಾನದಲ್ಲಿ ಚೆಂಡು ಹಿಡಿದು ಓಡುವುದು ಊಹೆಗೂ ನಿಲುಕದ ಕಾಲವದು. ಕಾಲೇಜಿನ ಗೋಡೆಯೊಳಗಿನ ಅಂಗಳ ಅವಳಿಗೆ ಮರೆಯೂ ಆಯಿತು, ಬಿಡುಗಡೆಯೂ ಆಯಿತು. ಇಂತಹ ಅಂಗಳಗಳಲ್ಲಿ ಪ್ರೇಕ್ಷಕರಿಗೆ ಸ್ಥಳವೇ ಇರುವುದಿಲ್ಲ. ಅಲ್ಲಿ ಇರುವವರೆಲ್ಲರೂ ಆಟಗಾರರು.

ಹತ್ತು ಸೆಂಟ್ಸಿನ ಆಟಗಳು

ಗುಡ್ಡದ ಊರಿನ ಕಾಲೇಜುಗಳಿಗೆ ಒಂದು ಅನಿರೀಕ್ಷಿತ ನೆರವು ಅಮೆರಿಕದಿಂದ ಬಂತು. 1891ರಲ್ಲಿ ಸ್ಪ್ರಿಂಗ್‌ಫೀಲ್ಡಿನ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಅವರು, ಹಿಮ ಬೀಳುವ ತಿಂಗಳುಗಳಲ್ಲಿ ಹುಡುಗರು ಒಳಗೇ ಆಡಲೆಂದು ಬಾಸ್ಕೆಟ್‌ಬಾಲನ್ನು ರೂಪಿಸಿದರು. 1895ರಲ್ಲಿ ವಿಲಿಯಂ ಮಾರ್ಗನ್ ಅವರು ವಾಲಿಬಾಲನ್ನು ರೂಪಿಸಿದರು, ಅವರೂ ವೈ.ಎಂ.ಸಿ.ಎ.ಯವರೇ. 1920ರಲ್ಲಿ ಹ್ಯಾರಿ ಕ್ರೋ ಬಕ್ ಅವರು ಮದರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜನ್ನು ಸ್ಥಾಪಿಸಿದರು. ಆಗ ನಮ್ಮ ಜಿಲ್ಲೆ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು, ನಮ್ಮ ಕಾಲೇಜುಗಳು ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ಪ್ರಾಂತ್ಯದ ಶಾಲಾ ಕಾಲೇಜುಗಳಿಗೆ ತರಬೇತಿ ಪಡೆದ ದೈಹಿಕ ಶಿಕ್ಷಕರನ್ನು ಒದಗಿಸಿದ ಸಂಸ್ಥೆ ಅದು.

ಈ ಆಟಗಳು ನಮ್ಮಲ್ಲಿ ಏಕೆ ಬೇರೂರಿದವು ಎಂಬುದನ್ನು ನಮ್ಮದೇ ಅಳತೆಯಲ್ಲಿ ಲೆಕ್ಕ ಹಾಕಿ ನೋಡಬಹುದು. ಬಾಸ್ಕೆಟ್‌ಬಾಲ್ ಅಂಕಣ 28 ಮೀಟರ್ ಉದ್ದ, 15 ಮೀಟರ್ ಅಗಲ, ಅಂದರೆ ಹತ್ತು ಸೆಂಟ್ಸಿಗಿಂತ ತುಸು ಹೆಚ್ಚು. ವಾಲಿಬಾಲ್ ಅಂಕಣ 18 ಮೀಟರ್ ಉದ್ದ, 9 ಮೀಟರ್ ಅಗಲ. ಅದು ನಾಲ್ಕು ಸೆಂಟ್ಸು. ಥ್ರೋಬಾಲಿಗೆ ಐದೂವರೆ ಸೆಂಟ್ಸು, ಪುರುಷರ ಕಬಡ್ಡಿಗೆ ಮೂರು ಸೆಂಟ್ಸು ಚಿಲ್ಲರೆ ಸಾಕು. ಸುತ್ತ ಒಂದಿಷ್ಟು ಜಾಗ ಬಿಟ್ಟರೂ ಗುಡ್ಡದ ಒಂದು ಚಿಕ್ಕ ತಟ್ಟಿನಲ್ಲಿ ಇವೆಲ್ಲ ಹಿಡಿಸುತ್ತವೆ. ನಮ್ಮ ಧರ್ಮಕೇಂದ್ರಗಳ ಪಂದ್ಯಾಟಗಳಲ್ಲಿ ಹುಡುಗರಿಗೆ ವಾಲಿಬಾಲ್, ಹುಡುಗಿಯರಿಗೆ ಥ್ರೋಬಾಲ್ ಎಂಬ ರೂಢಿ ಇಷ್ಟು ಬಲವಾಗಿರುವುದಕ್ಕೆ ನೆಲದ ಈ ಲೆಕ್ಕವೂ ಒಂದು ಕಾರಣವಾಗಿರಬೇಕು.

ಓಟದ ಹಾದಿಯ ಲೆಕ್ಕ ಬೇರೆ. ನಾನೂರು ಮೀಟರಿನ ಹಾದಿಗೆ 84.39 ಮೀಟರಿನ ಎರಡು ನೇರ ಬದಿಗಳು, 36.50 ಮೀಟರ್ ತ್ರಿಜ್ಯದ ಎರಡು ಅರ್ಧವೃತ್ತಗಳು ಬೇಕು. ಓಟಗಾರನ ಹೆಜ್ಜೆ ಒಳಅಂಚಿನಿಂದ 30 ಸೆಂಟಿಮೀಟರ್ ಹೊರಗೆ ಬೀಳುತ್ತದೆಂದು ಎಣಿಸಿದಾಗ ಒಂದು ಸುತ್ತು ಸರಿಯಾಗಿ 400 ಮೀಟರ್ ಆಗುತ್ತದೆ. ತಲಾ 1.22 ಮೀಟರ್ ಅಗಲದ ಎಂಟು ಪಥಗಳನ್ನು ಸೇರಿಸಿದರೆ ಉದ್ದ ಸುಮಾರು 177 ಮೀಟರ್, ಅಗಲ ಸುಮಾರು 93 ಮೀಟರ್. ಅಂದರೆ ಸುಮಾರು ನಾಲ್ಕು ಎಕರೆ, ನಾನೂರು ಸೆಂಟ್ಸು! ಅಷ್ಟೂ ನೆಲ ಒಂದೇ ಮಟ್ಟದಲ್ಲಿರಬೇಕು. ಇಳಿಬಿಸಿಲು ಓಟಗಾರರ ಕಣ್ಣಿಗೆ ನೇರವಾಗಿ ಬೀಳದಂತೆ ಉದ್ದದ ಬದಿ ಆದಷ್ಟೂ ಉತ್ತರ ದಕ್ಷಿಣವಾಗಿರಬೇಕು. ಗುಡ್ಡದ ಮೇಲಿನ ಕಾಲೇಜಿಗೆ ಇದು ನಿಲುಕದ ಮಾತು. ಆದುದರಿಂದ ಎಷ್ಟೋ ಕಡೆ ಸುಣ್ಣದ ಗೆರೆಯಲ್ಲಿ ಬರೆದ ಇನ್ನೂರು ಮೀಟರಿನ ಹಾದಿಯಲ್ಲೇ ವಾರ್ಷಿಕ ಕ್ರೀಡಾಕೂಟಗಳು ನಡೆದವು.

ಮಂಗಳಾ ಕ್ರೀಡಾಂಗಣದಿಂದ ಮೂಡುಬಿದಿರೆಯವರೆಗೆ

ಒಂದು ಕಾಲೇಜಿಗೆ ನಿಲುಕದ್ದನ್ನು ಊರು ಒಟ್ಟಾಗಿ ಮಾಡಬೇಕಾಯಿತು. ನಗರದ ಮಂಗಳಾ ಕ್ರೀಡಾಂಗಣವು ಹೀಗೆ ಎಲ್ಲ ಸಂಸ್ಥೆಗಳ ಮಕ್ಕಳಿಗೂ ಓಟದ ಹಾದಿಯಾಯಿತು. ಮಣ್ಣಿನ ಹಾದಿ ಹೋಗಿ ಕೃತಕ ಹಾದಿ ಬಂದ ಮೇಲೆ 2015ರಲ್ಲಿ ಫೆಡರೇಶನ್ ಕಪ್ ರಾಷ್ಟ್ರೀಯ ಅಥ್ಲೆಟಿಕ್ ಕೂಟ ಇಲ್ಲಿ ನಡೆಯಿತು. ನಗರದ ಒಳಾಂಗಣ ಕ್ರೀಡಾಂಗಣಕ್ಕೆ ಉಳ್ಳಾಲ ಶ್ರೀನಿವಾಸ ಮಲ್ಯರ ಹೆಸರಿಟ್ಟಿರುವುದು ಉಚಿತವೇ ಆಗಿದೆ. ಬಜ್ಪೆಯ ವಿಮಾನನಿಲ್ದಾಣ, ಸುರತ್ಕಲ್ಲಿನಲ್ಲಿ 1960ರಲ್ಲಿ ಆರಂಭವಾದ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜು, ನವಮಂಗಳೂರು ಬಂದರು, ಇವೆಲ್ಲದರ ಹಿಂದೆ ಇದ್ದ ಸಂಸದರು ಅವರು.

1956ರ ರಾಜ್ಯ ಪುನರ್ವಿಂಗಡಣೆ ಜಿಲ್ಲೆಯನ್ನು ಮದರಾಸಿನಿಂದ ಬೇರ್ಪಡಿಸಿತು. ಮುಂದೆ ನಮ್ಮ ಕಾಲೇಜುಗಳು ಮೈಸೂರು ವಿಶ್ವವಿದ್ಯಾನಿಲಯದ ತೆಕ್ಕೆಗೆ ಬಂದವು. 1968ರಲ್ಲಿ ಮೈಸೂರಿನ ಸ್ನಾತಕೋತ್ತರ ಕೇಂದ್ರ ಇಲ್ಲಿ ತೆರೆಯಿತು. 1980ರ ಸೆಪ್ಟೆಂಬರ್ 10ರಂದು ಮಂಗಳೂರು ವಿಶ್ವವಿದ್ಯಾನಿಲಯವೇ ಹುಟ್ಟಿತು. ಅದರ ಆವರಣ ಮಂಗಳಗಂಗೋತ್ರಿಯೂ ಕೊಣಾಜೆಯ ಗುಡ್ಡದ ಮೇಲೆಯೇ ಇದೆ. 2020ರ ಜನವರಿಯಲ್ಲಿ ಮೂಡುಬಿದಿರೆಯ ಸ್ವರಾಜ್ಯ ಮೈದಾನದಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾನಿಲಯ ಅಥ್ಲೆಟಿಕ್ ಕೂಟ ನಡೆದಾಗ ಮಂಗಳೂರು ವಿಶ್ವವಿದ್ಯಾನಿಲಯ ಸಮಗ್ರ ಪ್ರಶಸ್ತಿ ಗೆದ್ದಿತು. ದೇಶದ ವಿಶ್ವವಿದ್ಯಾನಿಲಯಗಳ ನಡುವೆ ನಮ್ಮ ಕರಾವಳಿ ತಲೆಯೆತ್ತಿ ನಿಂತ ಆ ಕೂಟ ನಡೆದ ಜಾಗದ ಹೆಸರಿನಲ್ಲಿ ಇಂದಿಗೂ 'ಮೈದಾನ'ವೆಂಬ ಮಾತು ಉಳಿದಿದೆ ಎಂಬುದು ಗಮನಾರ್ಹ.

ಈ ನಡುವೆ 2008ರಲ್ಲಿ ನಿಟ್ಟೆ ಮತ್ತು ಯೆನೆಪೋಯ ಸಂಸ್ಥೆಗಳು ಪರಿಗಣಿತ ವಿಶ್ವವಿದ್ಯಾನಿಲಯಗಳಾದವು. 2024ರ ಜನವರಿಯಲ್ಲಿ ಸಂತ ಅಲೋಶಿಯಸ್ ಕೂಡ ಅದೇ ಸ್ಥಾನವನ್ನು ಪಡೆಯಿತು. ಅಲ್ಲಿಯವರೆಗೆ ಕಾಲೇಜಿನ ಆಟದ ಬಯಲಾಗಿದ್ದುದು ಈಗ ವಿಶ್ವವಿದ್ಯಾನಿಲಯದ ಕ್ರೀಡಾಂಗಣವೆನಿಸಿತು.

ಛಾವಣಿಯ ಪ್ರಶ್ನೆ

ವಿಶ್ವವಿದ್ಯಾನಿಲಯದ ಅಂಗಣವೆಂದರೆ ಹೇಗಿರಬೇಕು ಎಂಬ ಕಲ್ಪನೆ ಇಂದು ಹೆಚ್ಚಾಗಿ ಅಮೆರಿಕದಿಂದ ಬರುತ್ತದೆ. ಅಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯವು 1927ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ಒಂದು ಒಳಾಂಗಣವನ್ನು ತೆರೆಯಿತು. ಗ್ರೀಕ್ ಪ್ರಾಧ್ಯಾಪಕರೊಬ್ಬರ ಸಲಹೆಯಂತೆ ಅದಕ್ಕೆ 'ಪಲೆಸ್ತ್ರಾ' ಎಂದೇ ಹೆಸರಿಟ್ಟರು. ಆದರೆ ನೋಡುವವರಿಗೆ ಸ್ಥಳವೇ ಇಲ್ಲದ ಗ್ರೀಕರ ಕುಸ್ತಿಯಂಗಳದ ಹೆಸರನ್ನು ಹೊತ್ತ ಆ ಕಟ್ಟಡದಲ್ಲಿ ಸುಮಾರು 8,700 ಪ್ರೇಕ್ಷಕರಿಗೆ ಆಸನಗಳಿವೆ. ಹೆಸರು ಅಥೆನ್ಸಿನದು, ರಚನೆ ರೋಮಿನದು!

ನಮ್ಮ ಓದುಗರಿಗೆ ಹೆಚ್ಚು ಆಪ್ತವೆನಿಸುವ ಇನ್ನೊಂದು ಉದಾಹರಣೆ ಇಟಲಿಯ ಇಂಜಿನಿಯರ್ ಪಿಯೆರ್ ಲುಯಿಜಿ ನೆರ್ವಿ ಅವರದು. 1891ರಲ್ಲಿ ಹುಟ್ಟಿ 1979ರಲ್ಲಿ ತೀರಿಕೊಂಡ ಈ ಮಹನೀಯರು ಕಾಂಕ್ರೀಟನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ನೆಲದ ಮೇಲೆಯೇ ಎರಕ ಹೊಯ್ದು, ಮೇಲೆತ್ತಿ ಜೋಡಿಸಿ, ಕಂಬಗಳಿಲ್ಲದ ವಿಶಾಲವಾದ ಗುಮ್ಮಟಗಳನ್ನು ಕಟ್ಟಿದರು. 1960ರ ಒಲಿಂಪಿಕ್ಸಿಗಾಗಿ ವಾಸ್ತುಶಿಲ್ಪಿ ಅನ್ನಿಬಾಲೆ ವಿತೆಲ್ಲೊತ್ಸಿಯವರೊಂದಿಗೆ ಸೇರಿ ರೋಮಿನಲ್ಲಿ ಅವರು ಕಟ್ಟಿದ ಪುಟ್ಟ ಕ್ರೀಡಾಭವನದ ಗುಮ್ಮಟ, ಮೇಳದ ಡೇರೆಯೊಂದು ಹಗುರವಾಗಿ ನೆಲಕ್ಕಿಳಿದಂತೆ ಕಾಣುತ್ತದೆ. ಅಮೆರಿಕದ ಡಾರ್ಟ್‌ಮತ್ ಕಾಲೇಜಿಗಾಗಿ 1962ರಲ್ಲೊಂದು, 1975ರಲ್ಲಿನ್ನೊಂದು ಕ್ರೀಡಾಂಗಣದ ವಿನ್ಯಾಸವನ್ನೂ ಅವರು ಮಾಡಿದರು. ಈ ಎರಡರ ನಡುವೆ, 1971ರಲ್ಲಿ, ವ್ಯಾಟಿಕನ್ನಿನಲ್ಲಿ ಜಗದ್ಗುರುಗಳು ಯಾತ್ರಿಕರಿಗೆ ದರ್ಶನ ನೀಡುವ ಆರನೇ ಪೌಲ್ ಸಭಾಭವನವೂ ಅವರ ವಿನ್ಯಾಸದಂತೆಯೇ ಪೂರ್ಣಗೊಂಡಿತು. ಆಟದ ಅಂಗಣಕ್ಕೂ ಪ್ರಾರ್ಥಿಸುವ ಜನಸಮೂಹದ ಭವನಕ್ಕೂ ಒಂದೇ ಕೈ, ಒಂದೇ ಕೌಶಲ.

ಡಾರ್ಟ್‌ಮತ್ ಇರುವ ನ್ಯೂಹ್ಯಾಂಪ್‌ಷೈರಿನಲ್ಲಿ ತಿಂಗಳುಗಟ್ಟಲೆ ಹಿಮ ನಿಲ್ಲುತ್ತದೆ. ಅಲ್ಲಿ ಛಾವಣಿಯಿಲ್ಲದೆ ಆಟವಿಲ್ಲ. ನಮ್ಮಲ್ಲಿ ಜೂನಿನಿಂದ ನಾಲ್ಕು ತಿಂಗಳು ಮಳೆ. ನಮ್ಮ ಹಿರಿಯರು ಅದಕ್ಕೆ ಛಾವಣಿ ಹಾಕಲಿಲ್ಲ, ಕಾಲವನ್ನೇ ಹೊಂದಿಸಿಕೊಂಡರು. ಮಳೆ ನಿಂತ ಮೇಲೆ ಅಭ್ಯಾಸ, ಡಿಸೆಂಬರ್ ಜನವರಿಯಲ್ಲಿ ಕ್ರೀಡಾಕೂಟ. ಇಂದು ಮಳೆಗಾಲದಲ್ಲೂ ಅಭ್ಯಾಸ ಬೇಕಾದ ಕ್ರೀಡಾಪಟುಗಳಿಗೆ ಒಳಾಂಗಣಗಳು ಅವಶ್ಯವೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಛಾವಣಿಗೆ ಒಂದು ಬೆಲೆಯಿದೆ. ಛಾವಣಿ ಬಂದಲ್ಲಿ ಬಾಗಿಲು ಬರುತ್ತದೆ, ಬಾಗಿಲು ಬಂದಲ್ಲಿ ಬೀಗ ಬರುತ್ತದೆ, ಬೀಗದ ಹಿಂದೆ ದರಪಟ್ಟಿಯೂ ಬರುತ್ತದೆ. ಮರದ ನೆಲಹಾಸಿನ ಮೇಲೆ ಬರಿಗಾಲ ಹುಡುಗನಿಗೆ ಜಾಗವಿಲ್ಲ. ತಂಡಕ್ಕೆ ಆಯ್ಕೆಯಾದ ಹನ್ನೆರಡು ಮಂದಿ ಆಡುತ್ತಾರೆ. ಆಯ್ಕೆಯಾಗದ ಸಾವಿರ ಮಂದಿ ಆಸನಗಳಲ್ಲಿ ಕುಳಿತು ಚಪ್ಪಾಳೆ ತಟ್ಟುತ್ತಾರೆ. ಕೊಲೊಸಿಯಮ್ಮಿನ ಕ್ರೌರ್ಯ ಅಲ್ಲಿಲ್ಲ, ನಿಜ. ಆದರೆ ನೆಲ ಚಿಕ್ಕದು, ಆಸನ ದೊಡ್ಡದು ಎಂಬ ಅದರ ಅನುಪಾತ ಮರಳಿ ಬಂದಿರುತ್ತದೆ.

ನಮ್ಮ ಅಂಗಳದ ಮಾತು

ಈ ಚರಿತ್ರೆ ವಿಶ್ವವಿದ್ಯಾನಿಲಯಗಳಿಗೆ ಮಾತ್ರ ಸಂಬಂಧಿಸಿದ್ದಲ್ಲ. ಮಂಗಳೂರಿನ ಬಹುತೇಕ ಹಳೆಯ ಚರ್ಚುಗಳ ಎದುರಿಗೋ ಬದಿಗೋ ಒಂದು ಬಯಲಿದೆ, ಅಥವಾ ಇತ್ತು. ಮುರಕಲ್ಲು ಕಡಿದು ಅದನ್ನು ಸಮಮಾಡಿದವರು ನಮ್ಮ ಅಜ್ಜ ಅಜ್ಜಿಯರು. ಭಾನುವಾರದ ಪೂಜೆ ಮುಗಿಸಿ ಮನೆಗೆ ಹೋಗಿ, ಬೆಳಗಿನ ತಿಂಡಿ ತಿಂದು ಮರಳಿ ಬಂದು, ಹಾರೆ ಬುಟ್ಟಿ ಹಿಡಿದು ಶ್ರಮದಾನ ಮಾಡಿದ ನೆನಪು ಎಷ್ಟೋ ಕುಟುಂಬಗಳಲ್ಲಿ ಇನ್ನೂ ಇದೆ. ಅವರಿಗೆ ಅದರಿಂದ ಬಾಡಿಗೆ ಬರಲಿಲ್ಲ, ಲಾಭ ಬರಲಿಲ್ಲ. ಮಕ್ಕಳು ಆಡಲಿ ಎಂಬುದಷ್ಟೇ ಅವರ ಉದ್ದೇಶ.

ಇಂದು ಆ ಬಯಲುಗಳ ಮೇಲೆ ಮೂರು ಕಡೆಗಳಿಂದ ಒತ್ತಡವಿದೆ. ಒಂದು, ಮದುವೆ ಸಭಾಭವನ. ಎರಡು, ವಾಹನಗಳ ನಿಲುಗಡೆ. ಮೂರು, ಸೌಂದರ್ಯದ ಹೆಸರಿನಲ್ಲಿ ಹಾಸುವ ಇಂಟರ್‌ಲಾಕ್. ಪ್ರತಿಯೊಂದಕ್ಕೂ ಸಮರ್ಥನೆಯಿದೆ. ಸಭಾಭವನದಿಂದ ಧರ್ಮಕೇಂದ್ರದ ಖರ್ಚು ನಡೆಯುತ್ತದೆ, ಕಾರುಗಳನ್ನು ರಸ್ತೆಯಲ್ಲಿ ನಿಲ್ಲಿಸಲಾಗದು, ಮಳೆಗಾಲದಲ್ಲಿ ಕೆಸರಾಗಬಾರದು. ಈ ನ್ಯಾಯವಾದ ಕಾರಣಗಳೇ ಒಂದೊಂದಾಗಿ ಬಂದು ಹತ್ತು ಸೆಂಟ್ಸನ್ನೂ ನುಂಗುತ್ತವೆ. ಇಂಟರ್‌ಲಾಕ್ ಹಾಸಿದ ಮೇಲೆ ಮಗು ಬಿದ್ದರೆ ಮೊಣಕಾಲು ಒಡೆಯುತ್ತದೆ. ಆದುದರಿಂದ ಓಡಬೇಡವೆಂದು ನಾವೇ ಗದರಿಸುತ್ತೇವೆ. ಮಳೆನೀರು ಇಂಗುವ ಬದಲು ಹರಿದು ತಗ್ಗಿನ ಮನೆಗಳತ್ತ ನುಗ್ಗುತ್ತದೆ. ಆಡಲು ನೆಲವಿಲ್ಲದ ಮಗು ಮೊಬೈಲಿನಲ್ಲಿ ಇತರರ ಆಟವನ್ನು ನೋಡುತ್ತದೆ. ಪ್ರೇಕ್ಷಕನನ್ನು ತಯಾರಿಸಲು ಇಂದು ಕೊಲೊಸಿಯಮ್ ಬೇಕಾಗಿಲ್ಲ. ಅಂಗೈಯಗಲದ ಪರದೆ ಸಾಕು.

2000ದ ಮಹಾಜೂಬಿಲಿ ವರ್ಷದ ಅಕ್ಟೋಬರ್ 29ರಂದು ಜಗದ್ಗುರು ಎರಡನೇ ಜಾನ್ ಪೌಲ್ ಅವರು ಕ್ರೀಡಾಪಟುಗಳ ಜೂಬಿಲಿಯ ನಿಮಿತ್ತ ರೋಮಿನ ಒಲಿಂಪಿಕ್ ಕ್ರೀಡಾಂಗಣದಲ್ಲಿ ಬಲಿಪೂಜೆ ಅರ್ಪಿಸಿದರು. ಯೌವನದಲ್ಲಿ ಸ್ವತಃ ಫುಟ್ಬಾಲ್ ಆಡಿದ, ಪರ್ವತಗಳಲ್ಲಿ ಹಿಮಜಾರಾಟ ಆಡಿದ ಅವರಿಗೆ ಆಟವು ದೇಹದ ವಿಷಯವಷ್ಟೇ ಅಲ್ಲ, ಮನುಷ್ಯನ ಪೂರ್ಣತೆಯ ವಿಷಯವೂ ಆಗಿತ್ತು. ಸೋಲನ್ನು ಒಪ್ಪಿಕೊಳ್ಳುವುದು, ನಿಯಮಕ್ಕೆ ತಲೆಬಾಗುವುದು, ಎದುರಾಳಿಯ ಕೈ ಕುಲುಕುವುದು, ಇವುಗಳನ್ನು ಉಪದೇಶದಿಂದ ಕಲಿಸುವುದು ಕಷ್ಟ. ಅರ್ಧ ಗಂಟೆಯ ಆಟ ಇವುಗಳನ್ನು ಸದ್ದಿಲ್ಲದೆ ಕಲಿಸುತ್ತದೆ.

ಆದುದರಿಂದ ಪ್ರತಿಯೊಂದು ಧರ್ಮಕೇಂದ್ರದ ಪಾಲನಾ ಮಂಡಳಿಯೂ ತನ್ನ ಆಟದ ನೆಲವನ್ನು ಒಮ್ಮೆ ಅಳೆದು ನೋಡುವುದು ಒಳ್ಳೆಯದು. ಎಷ್ಟು ಸೆಂಟ್ಸು ಉಳಿದಿದೆ, ಅದರಲ್ಲಿ ಯಾವ ಆಟದ ಅಂಕಣ ಹಿಡಿಸುತ್ತದೆ, ತೋಡು ಸರಿಯಿದೆಯೇ, ಹೆಣ್ಣುಮಕ್ಕಳಿಗೆ ಅಲ್ಲಿ ಆಡುವ ಸಮಯವಿದೆಯೇ ಎಂಬುದನ್ನು ಬರೆದಿಡಬೇಕು. ಉಳಿದ ನೆಲ ಆಟಕ್ಕೇ ಮೀಸಲು ಎಂದು ನಿರ್ಣಯ ಮಾಡಿ ದಾಖಲೆ ಪುಸ್ತಕದಲ್ಲಿ ನಮೂದಿಸಬೇಕು. ಕಾರುಗಳು ಭಾನುವಾರ ಎರಡು ಗಂಟೆ ನಿಲ್ಲಲಿ. ಸಂಜೆ ಆ ಜಾಗ ಮಕ್ಕಳಿಗೆ ಮರಳಿ ಸಿಗಲಿ. ವಾಳೆಗಳ ನಡುವಿನ ಪಂದ್ಯಾಟ ವರ್ಷಕ್ಕೊಮ್ಮೆಯ ಹಬ್ಬವಾಗಿ ಮುಗಿಯದೆ, ವಾರದ ರೂಢಿಯಾಗಲಿ. ತಂದೆತಾಯಂದಿರೂ ಬದಿಯಲ್ಲಿ ನಿಂತು ನೋಡುವುದನ್ನು ಬಿಟ್ಟು ಗೆರೆಯೊಳಗೆ ಇಳಿಯಲಿ. ನಮ್ಮ ವಿಶ್ವವಿದ್ಯಾನಿಲಯಗಳು ಒಳಾಂಗಣಗಳನ್ನು ಕಟ್ಟುವಾಗಲೂ ಇದೇ ಲೆಕ್ಕವನ್ನು ಮೊದಲು ಕೇಳಬೇಕು: ಎಷ್ಟು ಮಂದಿ ಕುಳಿತುಕೊಳ್ಳಬಹುದು ಎಂಬುದಕ್ಕಿಂತ, ಒಂದು ದಿನದಲ್ಲಿ ಎಷ್ಟು ಮಂದಿ ಆಡಬಹುದು?

ಗುಡ್ಡ ಕಡಿದು ಬಯಲು ಮಾಡಿದ ಕೈಗಳ ಹೆಸರು ಯಾವ ಫಲಕದ ಮೇಲೂ ಇಲ್ಲ. ಅವರು ಬಿಟ್ಟುಹೋದದ್ದು ಬರಿದಾದ ಒಂದು ತುಂಡು ನೆಲವನ್ನು. ಅದನ್ನು ಬರಿದಾಗಿಯೇ ನಮ್ಮ ಮಕ್ಕಳ ಕೈಗೆ ದಾಟಿಸುವ ಹೊಣೆ ಈಗ ನಮ್ಮ ಮೇಲಿದೆ.